ಶಾರ್ಜಾದಲ್ಲಿ ಮಾರಾಟವಾಗದ ಹಪ್ಪಳ

2023ರ ಜುಲೈಯಲ್ಲಿ ಶಾರ್ಜಾದ ಒಬ್ಬ ಆಮದು ವ್ಯಾಪಾರಿ ಕಾಸರಗೋಡು ಜಿಲ್ಲೆಯ ಮೀಂಜ ಪಂಚಾಯತಿನ ಒಂದು ಹಪ್ಪಳ ಘಟಕಕ್ಕೆ ವಾಟ್ಸ್ಆಪ್ ಸಂದೇಶ ಕಳುಹಿಸಿದರು. ಮೊದಲ ಸಲ ಹೋದ ಹಲಸಿನಕಾಯಿ ಹಪ್ಪಳದಲ್ಲಿ ಮುಕ್ಕಾಲು ಪಾಲು ಅಂಗಡಿಗಳಲ್ಲೇ ಉಳಿದಿದೆ, ಎರಡನೆಯ ಲೋಡು ಸದ್ಯಕ್ಕೆ ಬೇಡ ಎಂಬುದು ಅದರ ಸಾರ. ಎರಡನೆಯ ಲೋಡಿನ ಹಪ್ಪಳ ಅಷ್ಟರಲ್ಲಿ ತಯಾರಾಗಿ, ಪ್ಯಾಕ್ ಆಗಿ, ಘಟಕದ ಒಳಕೋಣೆಯಲ್ಲಿ ಮಾಡಿನವರೆಗೆ ಪೇರಿಸಿಟ್ಟಿತ್ತು. ಹೊರಗೆ ಮಳೆ ಹಿಡಿದು ವಾರಗಳಾಗಿದ್ದವು.

ನಾನು ಆಗ ಮಂಜೇಶ್ವರ ಬ್ಲಾಕಿನಲ್ಲಿ ಇಂಡಸ್ಟ್ರೀಸ್ ಎಕ್ಸ್‌ಟೆನ್ಷನ್ ಆಫೀಸರ್ ಆಗಿದ್ದೆ. ಸಣ್ಣ ಉದ್ಯಮ ಆರಂಭಿಸುವವರಿಗೆ ಯೋಜನೆ ಬರೆದುಕೊಡುವುದು, ಸಬ್ಸಿಡಿಗೆ ಶಿಫಾರಸು ಮಾಡುವುದು, ಪರವಾನಗಿಗಳ ದಾರಿ ತೋರಿಸುವುದು, ಸಾಧ್ಯವಾದರೆ ಮಾರುಕಟ್ಟೆ ಹುಡುಕಿಕೊಡುವುದು ಈ ಹುದ್ದೆಯ ಕೆಲಸ. ಮಲಯಾಳದಲ್ಲಿ ‘ವ್ಯವಸಾಯ’ ಎಂದರೆ ಕೈಗಾರಿಕೆ. ಕಚೇರಿಯ ಫಲಕದಲ್ಲಿ ಆ ಪದವೇ ಇದ್ದುದರಿಂದ ಗಡಿ ಕಡೆಯ ಕನ್ನಡಿಗರು ಅಡಿಕೆಗೆ ಮದ್ದು ಕೇಳಿಕೊಂಡು ಬರುತ್ತಿದ್ದರು. ಅವರನ್ನು ಕೃಷಿ ಭವನಕ್ಕೆ ಕಳುಹಿಸುವುದೂ ನನ್ನ ಕೆಲಸದ ಒಂದು ಭಾಗವಾಗಿತ್ತು.

ಹರಿಣಾಕ್ಷಿ ಹಾಗೆ ದಾರಿ ತಪ್ಪಿ ಬಂದವರಲ್ಲ. ಎರಡು ವರ್ಷ ಹಿಂದೆ ನನ್ನ ಮೇಜಿನ ಮುಂದೆ ಕುಳಿತು ಅವರು ಕೇಳಿದ ಮೊದಲ ಪ್ರಶ್ನೆ, "ಬಿಸಿಲಿಲ್ಲದೆ ಹಪ್ಪಳ ಒಣಗಿಸುವ ಯಂತ್ರಕ್ಕೆ ಸರಕಾರದಿಂದ ಎಂತಾದ್ರೂ ಉಂಟಾ ಸರ್?" ಮೀಂಜದಲ್ಲಿ ಅವರದು ತುಳು ಮಾತಾಡುವ ಕೃಷಿಕ ಕುಟುಂಬ. ಗಂಡನಿಗೆ ಗೂಡ್ಸ್ ಆಟೋ ಇತ್ತು. ನೆರೆಯ ಹೆಂಗಸರನ್ನು ಸೇರಿಸಿಕೊಂಡು ಅವರು ಮನೆಯ ಹಿಂದಿನ ಶೆಡ್ಡಿನಲ್ಲಿ ಹಪ್ಪಳ ಮಾಡಿ ಹೊಸಂಗಡಿ, ಬಂದ್ಯೋಡಿನ ಅಂಗಡಿಗಳಿಗೆ ಕೊಡುತ್ತಿದ್ದರು.

ಹಲಸಿನಕಾಯಿ ಹಪ್ಪಳಕ್ಕೆ ಬೇಕಾದದ್ದು ಬಲಿತ, ಆದರೆ ಹಣ್ಣಾಗದ ಕಾಯಿ. ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಉಪ್ಪು, ಮೆಣಸು, ಕೊತ್ತಂಬರಿ ಹಾಕಿ ಅರೆದು, ಉಂಡೆ ಮಾಡಿ ಒತ್ತಿ ಒಣಗಿಸಬೇಕು. ಕಾಯಿ ಬಲಿಯುವುದು ಮಾರ್ಚಿನಿಂದ. ಜೂನಿನಲ್ಲಿ ಮಳೆ ಬರುತ್ತದೆ. ಕೆಲಸವೆಲ್ಲ ಆ ನಡುವಿನಲ್ಲಿ ಮುಗಿಯಬೇಕು. ಒಂದು ಸಂಜೆಯ ಮಳೆಗೆ ಅಂಗಳದಲ್ಲಿ ಹರಡಿದ್ದು ಪೂರ್ತಿ ಹೋಗುವುದುಂಟು. ಹೀಗಾಗಿ ಅವರ ವ್ಯಾಪಾರ ಆಕಾಶ ನೋಡಿಕೊಂಡು ನಡೆಯುತ್ತಿತ್ತು. ಮೀಂಜದ ತೋಟಗಳಲ್ಲಿ ಹಲಸಿನಕಾಯಿಗೆ ಬರ ಇರಲಿಲ್ಲ. ಅಡಿಕೆ ತೆಂಗಿನ ಮೇಲೆ ಗಮನವಿದ್ದವರು ಹಲಸನ್ನು ಮರದಲ್ಲೇ ಬಿಡುತ್ತಿದ್ದರು. ಅದು ಹಣ್ಣಾಗಿ ಬಿದ್ದು ಕೊಳೆಯುತ್ತಿತ್ತು.

ಬಿಸಿಗಾಳಿಯಲ್ಲಿ ಒಣಗಿಸುವ ಡ್ರೈಯರ್ ಬಂತು. ಬ್ಯಾಂಕ್ ಸಾಲಕ್ಕೆ ಸಬ್ಸಿಡಿ ಸೇರಿತು. ಆಹಾರ ಸುರಕ್ಷತಾ ಪರವಾನಗಿ ಆಯಿತು. ಕೆಲಸಕ್ಕೆ ಹನ್ನೊಂದು ಮಂದಿ ಹೆಂಗಸರಾದರು. ಹರಿಣಾಕ್ಷಿ ಸುತ್ತಲಿನ ಮನೆಗಳಿಗೆ ಹೋಗಿ, ಇನ್ನು ಪ್ರತಿ ವರ್ಷ ನಿಮ್ಮ ಹಲಸಿನಕಾಯಿ ನಾನು ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಬಂದರು. ಹೇಳುವ ಮೊದಲು ನನ್ನನ್ನು ಕೇಳಿರಲಿಲ್ಲ.

ಉತ್ಪಾದನೆ ಹೆಚ್ಚಿದ ಮೇಲೆ ಮಾರುವ ಪ್ರಶ್ನೆ ಬಂತು. ಕೊಚ್ಚಿಯಲ್ಲಿ ನಡೆದ ಬೈಯರ್-ಸೆಲ್ಲರ್ ಮೀಟ್‌ಗೆ, ಎಂದರೆ ಖರೀದಿದಾರರನ್ನೂ ತಯಾರಕರನ್ನೂ ಎದುರುಬದುರು ಕೂರಿಸುವ ಸಭೆಗೆ, ನಾನು ಅವರನ್ನು ಕರೆದುಕೊಂಡು ಹೋದೆ. ಅಲ್ಲಿ ಸಿಕ್ಕವರು ಲೋಕನಾಥ. ಮೂಲತಃ ಬಂದ್ಯೋಡಿನವರು, ಶಾರ್ಜಾದಲ್ಲಿ ಅಂಗಡಿಗಳಿಗೆ ಆಹಾರ ಸಾಮಗ್ರಿ ಪೂರೈಸುವ ಸಣ್ಣ ವ್ಯಾಪಾರ. ಐದು ನಿಮಿಷದಲ್ಲಿ ಇಬ್ಬರೂ ತುಳುವಿಗೆ ಬಂದರು. ಹತ್ತು ನಿಮಿಷದಲ್ಲಿ ಯಾರ ಮನೆಯ ಮಗಳು, ಯಾರ ಅಣ್ಣನ ಮಗ ಎಂಬುದೂ ತೀರ್ಮಾನವಾಯಿತು.

"ನಮ್ಮ ಜನವೇ ಎಷ್ಟು ಉಂಟು ಅಲ್ಲಿ" ಎಂದರು ಲೋಕನಾಥ. "ಕಾಸರಗೋಡು, ಮಂಗಳೂರು, ಉಡುಪಿ. ಹಲಸಿನ ಹಪ್ಪಳ ಅಂದ್ರೆ ಬಿಡ್ತಾರಾ? ಮೊದಲಿಗೆ ನಮ್ಮವರು ಇರುವ ಏರಿಯಾಕ್ಕೇ ಹಾಕುವ."

ನನಗೂ ಅದು ಸರಿ ಎನ್ನಿಸಿತು. ಹರಿಣಾಕ್ಷಿಗೂ. ಮೂವರೂ ಒಂದೇ ತಾಲೂಕಿನವರು.

ರಫ್ತಿಗೆ ಬೇಕಾದ ಕೆಲಸಗಳು ಒಂದೊಂದಾಗಿ ನಡೆದವು. ಮೊದಲು ಇಂಪೋರ್ಟ್ ಎಕ್ಸ್‌ಪೋರ್ಟ್ ಕೋಡ್. ಇದಿಲ್ಲದೆ ದೇಶದಿಂದ ಹೊರಗೆ ವ್ಯಾಪಾರದ ಸರಕು ಕಳುಹಿಸಲಾಗುವುದಿಲ್ಲ. ಬಳಿಕ ಲ್ಯಾಬ್ ಪರೀಕ್ಷೆ, ಮುಖ್ಯವಾಗಿ ತೇವಾಂಶಕ್ಕೆ. ಇಡೀ ಕಂಟೇನರ್ ತುಂಬುವಷ್ಟು ಸರಕು ಅವರಲ್ಲಿರಲಿಲ್ಲ. ಜಿಲ್ಲೆಯ ಒಂದು ತೆಂಗಿನೆಣ್ಣೆ ಘಟಕವನ್ನೂ ಒಂದು ಉಪ್ಪಿನಕಾಯಿ ಘಟಕವನ್ನೂ ಜೊತೆಗೆ ಸೇರಿಸಿ, ಒಂದೇ ಕಂಟೇನರಿನಲ್ಲಿ ಮೂವರೂ ಜಾಗ ಹಂಚಿಕೊಳ್ಳುವಂತೆ ಮಾಡಿದೆವು. ಸಣ್ಣವರು ಒಬ್ಬೊಬ್ಬರೇ ಮಾಡಲಾಗದ, ಕಚೇರಿಯೊಂದು ನಡುವೆ ನಿಂತರೆ ಆಗುವ ಕೆಲಸ ಇದು.

ಕೊನೆಯದು ಅರಬ್ಬಿ ಲೇಬಲ್. ಆ ದೇಶದಲ್ಲಿ ಮಾರುವ ಆಹಾರದ ಪೊಟ್ಟಣದ ಮೇಲೆ ವಿವರಗಳು ಅರಬ್ಬಿಯಲ್ಲೂ ಇರಬೇಕು. ಹೊಸ ಪೊಟ್ಟಣ ಮುದ್ರಿಸುವುದು ದುಬಾರಿಯಾದ್ದರಿಂದ ಸ್ಟಿಕರ್ ಮಾಡಿಸಿದೆವು. ಅದನ್ನು ಅಂಟಿಸುವ ದಿನ ನಾನು ಶೆಡ್ಡಿನಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ಅರ್ಧ ರಾಶಿ ಮುಗಿದಿತ್ತು. ಬೆಳಗ್ಗಿನಿಂದ ಡ್ರೈಯರ್ ಕೆಲಸದಲ್ಲಿದ್ದ ಆಯಿಷಾ ಊಟ ಮುಗಿಸಿ ಬಂದು ಒಂದು ಪೊಟ್ಟಣ ಎತ್ತಿ ನೋಡಿದರು. ಅವರು ಮದ್ರಸದಲ್ಲಿ ಅರಬ್ಬಿ ಓದಲು ಕಲಿತವರು.

"ಇದೆಂತ ಮಾಡಿದ್ದು? ಎಲ್ಲ ತಲೆಕೆಳಗೆ ಉಂಟು."

"ನಮಗೆಂತ ಗೊತ್ತು ಮಾರಾಯ್ತಿ" ಎಂದರು ಕಮಲಕ್ಕ. ಗುಂಪಿನಲ್ಲಿ ಅವರೇ ಹಿರಿಯರು. "ನಮ್ಮ ಮನೆಯವರ ಹಾಗೆ ಉಂಟು ಇದು. ಹೇಗೆ ತಿರುಗಿಸಿ ನಿಲ್ಲಿಸಿದ್ರೂ ಒಂದೇ ಥರ ಕಾಣ್ತದೆ."

ನಗುವುದು ಮುಗಿದ ಮೇಲೆ ಎಲ್ಲವನ್ನೂ ಕಿತ್ತು ಮತ್ತೆ ಅಂಟಿಸಿದರು. ಎಲ್ಲವನ್ನೂ ಎಂದು ನಾವು ಅಂದುಕೊಂಡೆವು.

ಏಪ್ರಿಲಿನಲ್ಲಿ ಮೊದಲ ಲೋಡು ಕೊಚ್ಚಿ ಬಂದರಿನಿಂದ ಹೋಯಿತು. ಅದು ಅಲ್ಲಿನ ಅಂಗಡಿಗಳಿಗೆ ಇಳಿದ ವಾರದಿಂದಲೇ ಫೋಟೋಗಳು ಬರತೊಡಗಿದವು. ಹರಿಣಾಕ್ಷಿಯ ನೆಂಟರು, ನೆಂಟರ ನೆಂಟರು, ಮೀಂಜದಿಂದ ಹೋದವರು, ಬಂದ್ಯೋಡಿನಿಂದ ಹೋದವರು. ಅಂಗಡಿಯ ಶೆಲ್ಫಿನಲ್ಲಿ ಹಪ್ಪಳದ ಸಾಲು, ಕೆಲವುಗಳಲ್ಲಿ ಪಕ್ಕದಲ್ಲಿ ನಗುವ ಮುಖ. ‘ನಮ್ಮೂರ ಹಪ್ಪಳ ಶಾರ್ಜಾದಲ್ಲಿ’ ಎಂಬ ಒಕ್ಕಣೆ. ತಮಗೆ ಬಂದ ಫೋಟೋಗಳನ್ನೆಲ್ಲ ಹರಿಣಾಕ್ಷಿ ನನಗೆ ಕಳುಹಿಸುತ್ತಿದ್ದರು. ಜಿಲ್ಲಾ ಪರಿಶೀಲನಾ ಸಭೆಯಲ್ಲಿ ನಾನು ಕೆಲವನ್ನು ಪರದೆಯ ಮೇಲೆ ತೋರಿಸಿದೆ. ಸಭೆಯಲ್ಲಿ ಮೆಚ್ಚುಗೆ ಬಂತು.

ಈ ಉತ್ಸಾಹದಲ್ಲಿ ಮೇ ತಿಂಗಳಿಡೀ ಡ್ರೈಯರ್ ಓಡಿತು. ಎರಡನೆಯ ಲೋಡು, ಮೊದಲಿನದಕ್ಕಿಂತ ದೊಡ್ಡದು, ತಯಾರಾಯಿತು. ಆಮೇಲೆ ಬಂದದ್ದು ಜುಲೈಯ ಆ ಸಂದೇಶ.

ಮರುದಿನ ನಾನು ಮೀಂಜಕ್ಕೆ ಹೋದೆ. ಶೆಡ್ಡಿನ ಬಾಗಿಲು ಅರ್ಧ ಮುಚ್ಚಿತ್ತು. ಹರಿಣಾಕ್ಷಿ ಒಳಕೋಣೆ ತೆರೆದು ತೋರಿಸಿದರು. ಹಪ್ಪಳದ ಬಾಳಿಕೆ ಆರು ತಿಂಗಳು ಎಂದು ಪೊಟ್ಟಣದ ಮೇಲಿತ್ತು. ಶಾರ್ಜಾ ಮುಟ್ಟುವಾಗ ಅರ್ಧ ಅವಧಿಯಾದರೂ ಬಾಕಿ ಇರಬೇಕು ಎಂಬುದು ಲೋಕನಾಥರ ಷರತ್ತು. ಅಂದರೆ ಸರಕು ಆಗಸ್ಟ್ ಮೊದಲ ವಾರದೊಳಗೆ ಕೊಚ್ಚಿ ಬಿಡಬೇಕಿತ್ತು. ಅಷ್ಟು ಹಪ್ಪಳವನ್ನು ಹೊಸಂಗಡಿ, ಬಂದ್ಯೋಡುಗಳಲ್ಲಿ ಮಾರಿ ಮುಗಿಸಲಾಗದು. ಇಲ್ಲಿ ಯಾರ ಮನೆಯಲ್ಲೂ ಹಪ್ಪಳದ ಡಬ್ಬಿ ಖಾಲಿ ಇರುವುದಿಲ್ಲ.

"ಇದು ಹೋಗದಿದ್ರೆ ಮಾರ್ಚಿಗೆ ಶೆಡ್ ತೆರೆಯುವುದಿಲ್ಲ ಸರ್" ಎಂದರು ಅವರು. ದನಿ ಏರಿರಲಿಲ್ಲ. "ಅವರಿಗೆಲ್ಲ ಎಂತ ಹೇಳುವುದು ಅಂತ ಮಾತ್ರ ಗೊತ್ತಾಗುವುದಿಲ್ಲ. ಹಲಸಿನಕಾಯಿ ಕೊಡಿ ಅಂತ ಮನೆ ಮನೆಗೆ ಹೋದದ್ದು ನಾನೇ ಅಲ್ವಾ."

ನನ್ನ ಕಚೇರಿಯ ರೂಢಿಯಂತೆ ನಾನು ಮೊದಲು ಗುಣಮಟ್ಟ ವಿಚಾರಿಸಿದೆ. ರುಚಿಯ ಬಗ್ಗೆ ದೂರು ಬಂದಿರಲಿಲ್ಲ. ಬೆಲೆ ವಿಚಾರಿಸಿದೆ. ಅಲ್ಲಿನ ಇತರ ಹಪ್ಪಳಗಳಿಗಿಂತ ಹೆಚ್ಚಿರಲಿಲ್ಲ. ಪೊಟ್ಟಣ ಒಡೆದಿರಲಿಲ್ಲ. ಹೇಳಬಹುದಾದ ಒಂದೇ ಒಂದು ದೋಷವೂ ಸಿಗಲಿಲ್ಲ. ಆದರೂ ಮಾರಾಟವಾಗಿಲ್ಲ. ಆ ಫೋಟೋಗಳಲ್ಲಿದ್ದ ಜನ ಹಾಗಾದರೆ ಏನು ಮಾಡಿದರು ಎಂದು ನಾನು ಯೋಚಿಸಿದೆ.

ಶೆಡ್ಡಿನ ಬೆಂಚಿನ ಮೇಲೆ ಕುಳಿತು ಫೋನಿನಲ್ಲಿದ್ದ ಫೋಟೋಗಳನ್ನು ದಿನಾಂಕದ ಕ್ರಮದಲ್ಲಿ ನೋಡಿದೆ. ಒಂದೇ ಅಂಗಡಿಯಲ್ಲಿ ಬೇರೆ ಬೇರೆಯವರು ತೆಗೆದ ಆರು ಫೋಟೋಗಳಿದ್ದವು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಒಂದೂವರೆ ತಿಂಗಳು. ಎಲ್ಲದರಲ್ಲೂ ಶೆಲ್ಫಿನ ಮುಂಭಾಗದ ಎಡತುದಿಯ ಪೊಟ್ಟಣದ ಮೇಲೆ ಅರಬ್ಬಿ ಸ್ಟಿಕರ್ ಕೆಳಗೆ ಮೇಲಾಗಿತ್ತು. ನನಗೆ ಅರಬ್ಬಿ ಓದಲು ಬರುವುದಿಲ್ಲ. ಆದರೆ ಪಕ್ಕದ ಪೊಟ್ಟಣಕ್ಕೆ ಹೋಲಿಸಿದರೆ ಯಾರಿಗಾದರೂ ತಿಳಿಯುತ್ತಿತ್ತು. ಫೋನನ್ನು ಹರಿಣಾಕ್ಷಿಯ ಕೈಗೆ ಕೊಟ್ಟೆ.

ಅವರು ಆರನ್ನೂ ಸರಿಸಿ ನೋಡಿ, ಮತ್ತೆ ಹಿಂದಕ್ಕೆ ಸರಿಸಿದರು. "ಅದೇ ಪ್ಯಾಕೆಟ್" ಎಂದರು. "ಒಂದು ಕೂಡ ಕದಲಲಿಲ್ಲ ಸರ್. ಎಲ್ಲ ಬಂದು ಫೋಟೋ ಹೊಡ್ಕೊಂಡು ಹೋದದ್ದು."

"ಮತ್ತೆ ನನ್ನ ನಾದಿನಿ ಕೂಡ ಫೋಟೋ ಹಾಕಿದ್ದಳಲ್ಲ, ಬಿಳಿ ಸೀರೆ ಉಟ್ಟು" ಎಂದರು ಹಿಂದಿನಿಂದ ಕಮಲಕ್ಕ. "ಹಪ್ಪಳ ತೆಗೊಳ್ಳದೆ ಬಂದ್ಳಾ ಅವಳು? ಬರಲಿ ಊರಿಗೆ."

ಯಾಕೆ ಎಂಬುದು ಮಾತ್ರ ತಿಳಿಯಲಿಲ್ಲ. ನಾನು ಬಂದ್ಯೋಡಿಗೆ ಹೋದೆ. ಹೆದ್ದಾರಿ ಬದಿಯಲ್ಲಿ ಅಲ್ಲಿ ಒಂದು ಅಂಗಡಿಯಿದೆ. ಗಲ್ಫಿಗೆ ಹೋಗುವವರು ಹೊರಡುವ ಮುನ್ನಾದಿನ ಸಾಮಾನು ತಂದು ಅಲ್ಲಿ ರಟ್ಟಿನ ಪೆಟ್ಟಿಗೆ ಕಟ್ಟಿಸುತ್ತಾರೆ. ತೂಕ ನೋಡಿ, ಟೇಪು ಸುತ್ತಿ, ಹಗ್ಗ ಬಿಗಿದು, ಹೆಸರನ್ನೂ ಊರನ್ನೂ ದಪ್ಪ ಅಕ್ಷರದಲ್ಲಿ ಬರೆದುಕೊಡುವುದು ಅಂಗಡಿಯವರ ಕೆಲಸ. ಇಲ್ಲದ ಸಾಮಾನನ್ನು ಅಲ್ಲೇ ಕೊಳ್ಳಲೂಬಹುದು. ಅಪರಾಹ್ನವಿಡೀ ನಾನು ಅಲ್ಲಿ ಒಂದು ಸ್ಟೂಲಿನ ಮೇಲೆ ಕುಳಿತು ಪೆಟ್ಟಿಗೆಯೊಳಗೆ ಏನೇನು ಹೋಗುತ್ತದೆ ಎಂದು ನೋಡಿದೆ. ಕುಚ್ಚಲಕ್ಕಿ, ತೆಂಗಿನೆಣ್ಣೆ, ಒಣಮೀನು, ಉಪ್ಪಿನಕಾಯಿ. ಹಪ್ಪಳ ಇಲ್ಲದ ಪೆಟ್ಟಿಗೆ ನಾನಿದ್ದಷ್ಟು ಹೊತ್ತು ಒಂದೂ ಕಟ್ಟಲಿಲ್ಲ. ಲೇಬಲ್ ಇಲ್ಲದ, ಬಿಳಿ ಪ್ಲಾಸ್ಟಿಕ್ ಚೀಲದ ಹಲಸಿನ ಹಪ್ಪಳ. ಉಡುಪಿನ ನಡುವೆ, ಪೆಟ್ಟಿಗೆಯ ಮೂಲೆಯಲ್ಲಿ, ಎಲ್ಲಿ ಜಾಗ ಉಳಿಯಿತೋ ಅಲ್ಲಿ.

ದುಬೈಯಲ್ಲಿ ಡ್ರೈವರ್ ಆಗಿದ್ದ ಪುರಂದರ ಎಂಬವರು ಪೆಟ್ಟಿಗೆ ಕಟ್ಟಿಸುತ್ತಿದ್ದರು. ಹಪ್ಪಳ ಅಲ್ಲಿಯ ಅಂಗಡಿಯಲ್ಲೂ ಸಿಗುತ್ತದಂತಲ್ಲ ಎಂದು ಕೇಳಿದೆ.

"ಸಿಗ್ತದೆ ಸಾರ್. ನಾನು ನೋಡಿದ್ದೇನೆ. ನಮ್ಮ ಮೀಂಜದ್ದೇ."

"ತೆಗೊಂಡ್ರಾ?"

"ಎಂತಕ್ಕೆ? ಇಲ್ಲಿಂದ ಹೋಗ್ತದಲ್ಲ."

"ಮುಗಿದಾಗ?"

"ಮುಗಿಯುವ ಮೊದಲು ಬೇರೆ ಯಾರಾದ್ರೂ ಊರಿಂದ ಬರ್ತಾರೆ." ಅವರು ಹಗ್ಗದ ಗಂಟನ್ನು ಬೆರಳಿನಿಂದ ಎಳೆದು ನೋಡಿದರು. "ಅಲ್ಲ ಸಾರ್, ಹಪ್ಪಳ ಕೂಡ ಅಂಗಡಿಯಿಂದ ತಂದ್ರೆ ರೂಮಿನವರು ಎಂತ ಹೇಳ್ತಾರೆ? ಇವನಿಗೆ ಊರಲ್ಲಿ ಕಳಿಸುವವರು ಯಾರೂ ಇಲ್ಲ ಅಂತ ಅಲ್ವಾ?"

ಅಂಗಡಿಯವರನ್ನು ಆ ಬಿಳಿ ಚೀಲದ ಹಪ್ಪಳ ಯಾರದು ಎಂದು ಕೇಳಿದೆ. ಮೀಂಜದಿಂದ ಒಬ್ಬರು ಹೆಂಗಸು ವಾರಕ್ಕೆ ಎರಡು ಸಲ ಆಟೋದಲ್ಲಿ ಕಳುಹಿಸುತ್ತಾರೆ ಎಂದರು. ಹೆಸರು ಕೇಳಬೇಕಾದ ಅಗತ್ಯ ನನಗಿರಲಿಲ್ಲ. ಹರಿಣಾಕ್ಷಿಯ ಹಪ್ಪಳ ನಾವು ರಫ್ತು ಎಂಬ ಪದ ಬಳಸುವ ಎಷ್ಟೋ ಮೊದಲಿನಿಂದ ಅದೇ ಊರುಗಳಿಗೆ, ಅದೇ ಮನೆಗಳಿಗೆ ಹೋಗುತ್ತಿತ್ತು. ಕೋಡ್ ಇಲ್ಲದೆ, ಸ್ಟಿಕರ್ ಇಲ್ಲದೆ, ಪ್ರಯಾಣಿಕರ ಪೆಟ್ಟಿಗೆಯಲ್ಲಿ. ನಾವು ಅವರ ಸರಕನ್ನು ಅವರ ಸರಕಿನ ಎದುರಿಗೇ ಇಳಿಸಿದ್ದೆವು.

ಅದೇ ಸಂಜೆ ಶೆಡ್ಡಿನಿಂದ ಲೋಕನಾಥರಿಗೆ ಫೋನ್ ಮಾಡಿದೆವು. ಸ್ಪೀಕರ್ ಹಾಕಿ ಫೋನನ್ನು ಮಣೆಯ ಮೇಲಿಟ್ಟು ಎಲ್ಲರೂ ಸುತ್ತ ನಿಂತರು. ನಾನು ನೋಡಿದ್ದನ್ನು ಹೇಳಿದೆ. ಅವರು ಒಪ್ಪಲಿಲ್ಲ. ಮಾರುಕಟ್ಟೆ ಸ್ವಲ್ಪ ಡಲ್ ಉಂಟು, ರಜೆಯಲ್ಲಿ ಜನ ಊರಿಗೆ ಹೋಗಿದ್ದಾರೆ ಎಂದರು. ಹರಿಣಾಕ್ಷಿ ನಡುವೆ ಬಾಯಿ ಹಾಕಿದರು.

"ಲೋಕಣ್ಣ, ಒಂದು ಕೇಳ್ತೇನೆ. ನಿಮ್ಮ ಮನೆಯಲ್ಲಿ ಈಗ ಯಾವ ಹಪ್ಪಳ ಕಾಯಿಸುವುದು?"

ಲೋಕನಾಥ ಮತ್ತೆ ರಜೆಯ ಮಾತಿಗೇ ಹೋದರು.

"ಹೇಳಿ ಲೋಕಣ್ಣ."

"ಅಮ್ಮ ಕೊಟ್ಟು ಕಳಿಸಿದ್ದುಂಟಲ್ಲ ಮಾರಾಯ್ತಿ" ಎಂದರು ಲೋಕನಾಥ. "ಅದು ಮುಗಿಯದೆ ಇದನ್ನು ಹೇಗೆ ಒಡೆಯುವುದು?"

ಶೆಡ್ಡಿನಲ್ಲಿ ಎದ್ದ ನಗು ಆ ಕಡೆಗೂ ಕೇಳಿಸಿರಬೇಕು. ಅವರೂ ನಕ್ಕರು. ಆಮೇಲೆ ಅವರ ಮಾತಿನ ಧಾಟಿ ಬದಲಾಯಿತು. ಯಾವ ಅಂಗಡಿಯಲ್ಲಿ ಎಷ್ಟು ಉಳಿದಿದೆ ಎಂದು ಬೇರೆ ಬೇರೆಯಾಗಿ ಹೇಳಿ ಎಂದು ನಾನು ಕೇಳಿದೆ. ಅವರು ಓದುತ್ತಾ ಹೋದರು. ಎಲ್ಲ ಕಡೆಯೂ ಉಳಿದಿತ್ತು. ಪಟ್ಟಣದಿಂದ ದೂರ, ರಾಸ್ ಅಲ್ ಖೈಮಾದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಅಂಗಡಿಯಲ್ಲಿ ಮಾತ್ರ ಒಂದೂ ಉಳಿದಿರಲಿಲ್ಲ. ಅಲ್ಲಿ ನಮ್ಮವರು ಯಾರೂ ಇಲ್ಲ, ವ್ಯಾನಿನಲ್ಲಿ ಜಾಗ ಉಳಿದಿತ್ತು ಎಂದು ಎರಡು ಕಾರ್ಟನ್ ಇಳಿಸಿದ್ದು ಎಂದರು ಲೋಕನಾಥ.

"ಅಲ್ಲಿ ಯಾರು ತೆಗೊಂಡ್ರು?" ಎಂದೆ.

"ಗೊತ್ತಿಲ್ಲ ಸರ್. ಕೇಳಲಿಲ್ಲ."

ಆ ಅಂಗಡಿಯ ಸೇಲ್ಸ್‌ಮ್ಯಾನ್ ಹೊಸಂಗಡಿಯ ಶರೀಫ್. ನಂಬರು ಸಿಕ್ಕಿತು. ಮರುದಿನ ನಾನೇ ಮಾತಾಡಿದೆ.

"ಕೊಂಡದ್ದು ಒಬ್ಬನೇ ಸಾರ್" ಎಂದ ಶರೀಫ್. "ಬಾಬು ಅಂತ, ಕೊಲ್ಲಂನವ. ಇಲ್ಲಿ ಹಿಂದುಗಡೆ ಒಂದು ಕಂಪೆನಿಯ ಮೆಸ್ ಉಂಟು, ಅದರ ಕುಕ್. ಮೊದಲು ಒಂದು ಪ್ಯಾಕೆಟ್ ತೆಗೊಂಡು ಹೋದ. ಮರುದಿನ ಬಂದು ಎರಡೂ ಕಾರ್ಟನ್ ಎತ್ತಿಕೊಂಡು ಹೋದ. ಈಗ ದಿನಾ ಬಂದು ತಲೆ ತಿನ್ನುವುದು, ಇನ್ನೂ ಬರಲಿಲ್ಲವಾ ಅಂತ."

ಬಾಬುವಿನೊಡನೆ ಮಲಯಾಳದಲ್ಲಿ ಮಾತಾಡಿದೆ. ಅವರ ಮೆಸ್ಸಿನಲ್ಲಿ ಊಟ ಮಾಡುವವರು ಬಿಹಾರ, ನೇಪಾಳ, ತಮಿಳುನಾಡು, ದಕ್ಷಿಣ ಕೇರಳದವರು. ಹಲಸಿನ ಹಪ್ಪಳ ಅವರಲ್ಲಿ ಹೆಚ್ಚಿನವರಿಗೆ ಹೊಸದು. ಯಾರ ಪೆಟ್ಟಿಗೆಯಲ್ಲೂ ಅದು ಬರುವುದಿಲ್ಲ. ಅನ್ನದ ಜೊತೆ ಒಂದೊಂದು ಕೊಟ್ಟ ದಿನ ಸಾಂಬಾರಿನ ಬಗ್ಗೆ ದೂರು ಕಡಿಮೆ ಎಂದರು. ಎರಡು ತೊಂದರೆಗಳನ್ನೂ ಹೇಳಿದರು. ಸಣ್ಣ ಸಣ್ಣ ಪೊಟ್ಟಣ ಕತ್ತರಿಸುತ್ತಾ ಕೂರಲು ಅಡುಗೆಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ, ದೊಡ್ಡ ಚೀಲ ಬೇಕು. ಹಪ್ಪಳದ ಅಗಲವೂ ಹೆಚ್ಚಾಯಿತು, ಬಾಣಲೆಯಲ್ಲಿ ಒಟ್ಟಿಗೆ ಹೆಚ್ಚು ಹಿಡಿಯುವುದಿಲ್ಲ.

ಬಾಬುವಿನ ಮಾತು ಒಬ್ಬರ ಮಾತು. ಅದೊಂದನ್ನೇ ನಂಬಿ ಒಂದು ಲೋಡು ಕಳುಹಿಸಲಾಗದು. ಲೋಕನಾಥ ಶುಕ್ರವಾರ ರಾಸ್ ಅಲ್ ಖೈಮಾಕ್ಕೆ ಹೋಗಿ, ಅಕ್ಕಪಕ್ಕದ ಇನ್ನೂ ಕೆಲವು ಮೆಸ್‌ಗಳಿಗೆ ಹಳೆಯ ದಾಸ್ತಾನಿನ ಹಪ್ಪಳ ಕೊಟ್ಟು ನೋಡಿದರು. ಮಧ್ಯಾಹ್ನ ಬಾಬುವಿನ ಮೆಸ್ಸಿನಿಂದ ವಿಡಿಯೋ ಕಾಲ್ ಮಾಡಿದರು. ಉದ್ದ ಮೇಜು, ಸ್ಟೀಲ್ ತಟ್ಟೆ, ಸಾಲಿನಲ್ಲಿ ನಿಂತ ಜನ.

"ನೋಡಿ ಸರ್, ಆ ನೀಲಿ ಅಂಗಿಯವ ಎರಡು ತೆಗೊಂಡ. ಬಾಬು ಬಯ್ತಾ ಇದ್ದಾನೆ" ಎಂದು ಲೋಕನಾಥ ವರದಿ ಕೊಟ್ಟರು. ಅವರು ಹೋದ ಮೆಸ್‌ಗಳಲ್ಲಿ ಎರಡು ಬೇಡ ಎಂದವು. ಉಳಿದವು ದೊಡ್ಡ ಚೀಲವಾದರೆ ಆಗಬಹುದು ಎಂದವು. ಆಗಬಹುದು ಎಂದದ್ದಷ್ಟೇ. ಲೋಕನಾಥರು ಎರಡನೆಯ ಲೋಡಿನ ಅರ್ಧಕ್ಕೆ ಒಪ್ಪಿದರು, ಉಳಿದರ್ಧಕ್ಕೆ ಮಾತು ಕೊಡಲಿಲ್ಲ.

ಈಗ ತೀರ್ಮಾನ ಹರಿಣಾಕ್ಷಿಯದು. ದೊಡ್ಡ ಚೀಲ ಬೇಕೆಂದರೆ ಕೋಣೆಯಲ್ಲಿದ್ದ ಪೊಟ್ಟಣಗಳನ್ನೆಲ್ಲ ಒಡೆಯಬೇಕು. ಜುಲೈಯ ಗಾಳಿಯಲ್ಲಿ ಹಪ್ಪಳ ತೆರೆದಿಟ್ಟರೆ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ. ಮತ್ತೆ ಡ್ರೈಯರಿಗೆ ಹಾಕಿದರೆ ಅತಿಯಾಗಿ ಒಣಗಿ ಒಡೆಯಬಹುದು. ಒಮ್ಮೆ ಒಡೆದ ಪೊಟ್ಟಣವನ್ನು ಅಂಗಡಿಗೆ ಮಾರುವಂತೆಯೂ ಇಲ್ಲ. ಪೊಟ್ಟಣ ಬದಲಾದರೂ ತಯಾರಿಸಿದ ತಿಂಗಳನ್ನು ಬದಲಿಸುವಂತಿಲ್ಲ, ಮೇ ಎಂದೇ ಹಾಕಬೇಕು ಎಂದು ನಾನು ಹೇಳಿದೆ. ಹಾಗೆ ಬದಲಿಸುವ ಮಾತನ್ನು ಅವರು ಎತ್ತಿಯೇ ಇರಲಿಲ್ಲ. ಕೋಣೆಯ ಕಡೆ ನೋಡುತ್ತಿದ್ದರು.

"ನೀವೆಂತ ಹೇಳ್ತೀರಿ ಸರ್?"

"ಖಾತ್ರಿ ಎಂದು ಹೇಳಲಾರೆ. ಒಬ್ಬ ಕುಕ್ ಕೇಳಿದ್ದಾನೆ, ಕೆಲವರು ನೋಡುವ ಅಂದಿದ್ದಾರೆ."

"ಒಡೆಯದಿದ್ರೆ?"

"ಹೀಗೆ ಉಳಿಯುತ್ತದೆ."

"ಒಡೆಯುವ ಹಾಗಾದ್ರೆ" ಎಂದರು ಕಮಲಕ್ಕ. ನಿರ್ಧಾರ ಅವರದಲ್ಲವಾದರೂ ಮೊದಲು ಹೇಳಿದವರು ಅವರು. "ನಮ್ಮವರಿಗಂತೂ ಫೋಟೋ ಸಾಕು."

ಹರಿಣಾಕ್ಷಿ ಮೊದಲು ಒಂದು ಪೆಟ್ಟಿಗೆಯಷ್ಟೇ ಒಡೆದರು. ಡ್ರೈಯರನ್ನು ಹಿಂದೆಂದೂ ಇಡದಷ್ಟು ಕಡಿಮೆ ಶಾಖದಲ್ಲಿಟ್ಟು, ಅದರ ಬಾಗಿಲ ಬಳಿಯೇ ಚೀಲಕ್ಕೆ ತುಂಬಿ, ಕೂಡಲೇ ಸೀಲ್ ಮಾಡಿದರು. ಕೆಲವು ಒಡೆದವು, ಹೆಚ್ಚಿನವು ಉಳಿದವು. ಸೀಲ್ ಮಾಡಿದ ಚೀಲವನ್ನು ಲ್ಯಾಬಿಗೆ ಒಯ್ದೆ. ತೇವಾಂಶ ಮಿತಿಯೊಳಗಿತ್ತು. ಫಲಿತಾಂಶವನ್ನು ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ಡ್ರೈಯರ್ ಹಾಕುವ ಸದ್ದು ಕೇಳಿಸಿತು. ಆ ವಾರ ಶೆಡ್ಡಿನಲ್ಲಿ ಕಿಟಕಿ ತೆರೆಯಲಿಲ್ಲ. ಸೆಕೆಯಲ್ಲಿ ಬೆವರು ಹಪ್ಪಳದ ಮೇಲೆ ಬೀಳದಂತೆ ತಲೆಗೆ ಬಟ್ಟೆ ಬಿಗಿದುಕೊಂಡು, ಸರದಿಯಲ್ಲಿ ಹೊರಗೆ ಹೋಗಿ ಗಾಳಿ ತೆಗೆದುಕೊಂಡು ಬಂದು ಹೆಂಗಸರು ಕೆಲಸ ಮುಗಿಸಿದರು. ಹೊಸ ಸ್ಟಿಕರಿನ ಕೆಲಸವನ್ನು ಈ ಸಲ ಪೂರ್ತಿಯಾಗಿ ಆಯಿಷಾ ವಹಿಸಿಕೊಂಡರು. ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ.

ಸರಕು ಆಗಸ್ಟ್ ಮೊದಲ ವಾರದಲ್ಲಿ ಹೋಯಿತು. ಪೂರ್ತಿಯಾಗಿ. ಉಳಿದರ್ಧದ ಜವಾಬ್ದಾರಿಯನ್ನು ಹರಿಣಾಕ್ಷಿ ತಾವೇ ಹೊತ್ತರು. ಮಾರಾಟವಾದಷ್ಟಕ್ಕೆ ದುಡ್ಡು ಎಂದು ಲೋಕನಾಥರೊಡನೆ ಒಪ್ಪಂದವಾಯಿತು. ನಾನು ಇದಕ್ಕೆ ಸಲಹೆ ಕೊಟ್ಟಿರಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ.

ಈ ಸಲ ಫೋಟೋಗಳು ಬರಲಿಲ್ಲ. ಮೆಸ್ಸಿನ ಅಡುಗೆಮನೆಯಲ್ಲಿರುವ ಚೀಲದ ಜೊತೆ ಯಾರೂ ನಿಂತು ಫೋಟೋ ತೆಗೆಸಿಕೊಳ್ಳುವುದಿಲ್ಲ. ಹಾಗಾಗಿ ನಮಗೆ ಸುದ್ದಿ ತಿಳಿಯಲು ಲೋಕನಾಥರ ಮಾತೇ ಗತಿಯಾಗಿತ್ತು. ಅಕ್ಟೋಬರಿನಲ್ಲಿ ಅವರು ಫೋನ್ ಮಾಡಿ, ಚೀಲ ಮುಗಿದಿದೆ, ಇನ್ನು ಮಾರ್ಚ್ ತನಕ ಬಾಬುವಿಗೆ ಏನು ಹೇಳಲಿ ಎಂದು ಕೇಳಿದರು. ಕಾಯಲಿಕ್ಕೆ ಹೇಳಿ ಎಂದರು ಹರಿಣಾಕ್ಷಿ. ಹಾಗೆ ಹೇಳುವಾಗ ಅವರು ಕುಳಿತಿದ್ದ ಕುರ್ಚಿಯಿಂದ ಎದ್ದಿದ್ದರು.

2024ರ ಮಾರ್ಚಿನಲ್ಲಿ ಶೆಡ್ಡು ತೆರೆಯಿತು. ಒತ್ತುವ ಅಚ್ಚನ್ನು ಸಣ್ಣದು ಮಾಡಿಸಿದ್ದರು. ಬಂದ್ಯೋಡಿನ ಅಂಗಡಿಗೆ ಬಿಳಿ ಚೀಲದ, ದೊಡ್ಡ ಅಗಲದ ಹಪ್ಪಳ ಎಂದಿನಂತೆ ಹೋಗುತ್ತಿತ್ತು. ಅದನ್ನು ನಿಲ್ಲಿಸಬೇಕೇ ಎಂದು ಅವರು ಕೇಳಿದಾಗ ನಾನು ಬೇಡ ಎಂದೆ. ಅದು ಬೇರೆಯೇ ವ್ಯಾಪಾರ. ಅದಕ್ಕೆ ನನ್ನ ಇಲಾಖೆಯ ಅಗತ್ಯವೂ ಇರಲಿಲ್ಲ.

ಸೇವೆಯ ಕೊನೆಯ ತಿಂಗಳುಗಳಲ್ಲಿ ರಫ್ತು ಮಾಡಬೇಕು ಎಂದು ಯಾರು ಬಂದರೂ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಬದಲಾಗಿತ್ತು. ಎಲ್ಲಿಗೆ ಮಾರುತ್ತೀರಿ ಎಂದು ಕೇಳುವ ಮೊದಲು, ಈಗ ಇದು ಅಲ್ಲಿಗೆ ಹೇಗೆ ಹೋಗುತ್ತಿದೆ ಎಂದು ಕೇಳುತ್ತಿದ್ದೆ. ಉಪ್ಪಿನಕಾಯಿ ಘಟಕದವರು ಈ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ತಮ್ಮ ಮುಂದಿನ ರಫ್ತನ್ನೇ ಒಂದು ವರ್ಷ ಮುಂದೂಡಿದರು. ಯಂತ್ರ, ಪರವಾನಗಿ, ಲ್ಯಾಬ್, ಕಂಟೇನರಿನಲ್ಲಿ ಜಾಗ, ಇವನ್ನು ಕಚೇರಿಯಿಂದ ಒದಗಿಸಬಹುದು. ಯಾರ ಮನೆಗೆ ಯಾವುದು ಪೆಟ್ಟಿಗೆಯಲ್ಲಿ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ಕಚೇರಿಯಲ್ಲಿ ಕುಳಿತರೆ ಸಿಗುವ ಮಾಹಿತಿಯಲ್ಲ. ಈ ಕೆಲಸ ನನಗೆ ಕಲಿಸಿದ್ದು ಅಷ್ಟು.

ನಾನು 2024ರ ಮೇ ಕೊನೆಗೆ ನಿವೃತ್ತನಾದೆ. ಅನಂತರದ ಸಂಗತಿಗಳು ಹರಿಣಾಕ್ಷಿಯೂ ಲೋಕನಾಥರೂ ಫೋನಿನಲ್ಲಿ ಹೇಳಿದ್ದು. ಬಾಬು ಬೇರೆ ಕಂಪೆನಿಗೆ ಹೋದರು, ಅಲ್ಲಿನ ಮೆಸ್ಸಿಗೂ ಹಪ್ಪಳ ತರಿಸತೊಡಗಿದರು. ಶಾರ್ಜಾದ ಅಂಗಡಿಗಳಿಗೆ ಪೊಟ್ಟಣ ಕಳುಹಿಸುವುದು ನಿಂತಿದೆ. ಡ್ರೈಯರ್ ಎರಡಾಗಿವೆ. 2025ರ ಜೂನ್ ಮೊದಲ ವಾರದ ಹೊತ್ತಿಗೆ ಮೀಂಜದಲ್ಲಿ ಹಪ್ಪಳಕ್ಕೆ ಆಗುವ ಹಲಸಿನಕಾಯಿ ಮುಗಿದಿತ್ತು. ಕೊನೆಯ ಲೋಡಿಗೆ ಬೇಕಾದದ್ದನ್ನು ಹರಿಣಾಕ್ಷಿಯ ಗಂಡ ಗಡಿ ದಾಟಿ ವಿಟ್ಲದ ಕಡೆಯಿಂದ ತಂದರು.